‘ಮೈನ್’ ಪದದ ಮೂರು ಅರ್ಥ: ಸಂಡೂರಿನ ಸರ್‌ಗೆ ಉತ್ತರ

ಸರ್, ನಿಮ್ಮ ಮಗಳು ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಇಂಗ್ಲಿಷಿನಲ್ಲಿ ‘ಈ ಪೆನ್ನು ನನ್ನದು’ ಅನ್ನುವ ಮೈನ್, ನಿಮ್ಮೂರಲ್ಲಿ ಅದಿರು ತೆಗೆಯುವ ಮೈನ್, ನೆಲದಲ್ಲಿ ಹುಗಿಯುವ ಸಿಡಿಮದ್ದಿನ ಮೈನ್, ಮೂರೂ ಒಂದೇನಾ ಅಂತ ಅಲ್ವಾ?

ಮೊದಲನೆಯದು ಬೇರೆಯೇ ಪದ. ಹಳೆಯ ಇಂಗ್ಲಿಷಿನದು. ಅದರ ಕೊನೆಯ ‘ನ್’ ಬಿದ್ದು ‘ಮೈ’ (ಅಂದರೆ ‘ನನ್ನ’) ಆಯಿತು.

ಗಣಿಯ ಮೈನ್ ಬಂದದ್ದು ಹಳೆಯ ಫ್ರೆಂಚಿನಿಂದ. ಅದಕ್ಕೂ ಹಿಂದೆ ಕೆಲ್ಟಿಕ್ (ಯುರೋಪಿನ ಒಂದು ಹಳೆಯ ಭಾಷಾ ಗುಂಪು) ಬೇರು ಇರಬಹುದು ಎನ್ನುತ್ತಾರೆ ಭಾಷೆ ಬಲ್ಲವರು.

ಮಗಳಿಗೆ ಮೂರನೆಯದನ್ನು ನಿಧಾನವಾಗಿ ಹೇಳಿ, ಅದೇ ಸೊಗಸು. ಹಿಂದೆ ಯುರೋಪಿನಲ್ಲಿ ಕೋಟೆಗೆ ಮುತ್ತಿಗೆ ಹಾಕಿದವರು ಗೋಡೆಯ ಬುಡದಲ್ಲಿ ಸುರಂಗ ತೋಡುತ್ತಿದ್ದರು. ಮೇಲೆ ಕುಸಿಯದಂತೆ ಮರದ ಕಂಬ ಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಕಂಬಕ್ಕೆ ಬೆಂಕಿ. ಗೋಡೆ ಕೆಳಗೆ! ಆ ಸುರಂಗಕ್ಕೂ ಮೈನ್ ಎಂದೇ ಹೆಸರು. ಮುಂದೆ ಅದರಲ್ಲಿ ಮದ್ದು ತುಂಬಿದರು. ನಂತರ ಸುರಂಗ ಹೋಯಿತು, ಹೆಸರು ಮದ್ದಿಗೆ ಉಳಿಯಿತು. ‘ಅಂಡರ್‌ಮೈನ್’ ಕೂಡ ಅಲ್ಲಿಯದೇ, ಬುಡ ಕೊರೆಯುವುದು.

ನಮ್ಮ ರಾಯಚೂರು ಕೋಟೆಯನ್ನು 1520ರಲ್ಲಿ ಕೃಷ್ಣದೇವರಾಯ ಮುತ್ತಿದಾಗಲೂ ಸೈನಿಕರು ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕಿತ್ತರು ಎಂದು ಪೋರ್ಚುಗೀಸರ ಬರಹದಲ್ಲಿದೆ. ಅಲ್ಲಿ ಸುರಂಗದ ಮಾತಿಲ್ಲ, ಆದರೆ ಬುಡಕ್ಕೇ ಕೈ ಹಾಕುವ ಯೋಚನೆ ಅದೇ.

ಹೀಗಾಗಿ ಗಣಿ ಮತ್ತು ಸಿಡಿಮದ್ದು ಒಂದೇ ಮನೆಯವು. ‘ನನ್ನದು’ ಮಾತ್ರ ಸುಮ್ನೆ ಅದೇ ಸದ್ದಿನ ಪದ.