ಕಪ್ಪು ಪರದೆಯಲ್ಲಿ ಫ್ರೆಂಚ್

ಪ್ರಶ್ನೆ: ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿಕೊಂಡಿದ್ದೇನೆ. ಡೆಸ್ಕ್‌ಟಾಪ್ ಇಲ್ಲ, ಬರೀ ಕನ್ಸೋಲ್, ಅಂದರೆ ಅಕ್ಷರಗಳಷ್ಟೇ ಕಾಣುವ ಕಪ್ಪು ಪರದೆ. ಫ್ರೆಂಚ್ ಕಲಿಯುತ್ತಿದ್ದೇನೆ. 'ಕಫೆ' (café) ಪದದ ಕೊನೆಯ 'ಇ' ಮೇಲೆ ಓರೆಗೆರೆ ಹಾಕುವುದು ಹೇಗೆ? ಬೇರೆ ಕಡೆ ಬರೆದು ತಂದ ಫೈಲಿನಲ್ಲೂ ಆ ಜಾಗದಲ್ಲಿ ಚೌಕ ಕಾಣುತ್ತದೆ. ಅಂದ ಹಾಗೆ, ಇದರಲ್ಲಿ ಕನ್ನಡ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಸಿಕ್ಕ ಸಿಕ್ಕ ಫಾಂಟ್ ಹಾಕಿ ನೋಡುತ್ತಾ ಕೂರಬೇಡಿ. ಮೊದಲು ಅಕ್ಷರ ಮೂಡಿಸಲು ಒಂದು ಕೀಲಿ ಬೇಕು. ರೂಟ್ (ಯಂತ್ರದ ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿ 'ಡಿಪಿಕೆಜಿ-ರೀಕಾನ್ಫಿಗರ್ ಕೀಬೋರ್ಡ್-ಕಾನ್ಫಿಗರೇಶನ್' ಎಂದು ಕೊಡಿ. ಅದು ಕೇಳುವ ಪ್ರಶ್ನೆಗಳಲ್ಲಿ 'ಕಂಪೋಸ್ ಕೀ' (ಮುಂದೆ ಒತ್ತುವ ಎರಡು ಕೀಲಿಗಳನ್ನು ಬೆಸೆದು ಒಂದು ಅಕ್ಷರ ಮಾಡುವ ಕೀಲಿ) ಯಾವುದು ಅಂತಲೂ ಇರುತ್ತದೆ. ಬಲಗಡೆಯ ಆಲ್ಟ್ ಆರಿಸಿ. ಆಮೇಲೆ 'ಸೆಟಪ್‌ಕಾನ್' ಓಡಿಸಿ. ಈಗ ಆ ಆಲ್ಟ್ ಒತ್ತಿ ಬಿಡಿ, ಒಂಟಿ ಉದ್ಧರಣ ಚಿಹ್ನೆ ಒತ್ತಿ, ಇ ಒತ್ತಿ. ಹಾಗೇ ಆಲ್ಟ್ ಆದ ಮೇಲೆ ಅಲ್ಪವಿರಾಮ ಒತ್ತಿ ಸಿ ಒತ್ತಿದರೆ ಬಾಲದ ಸಿ ಬರುತ್ತದೆ.

ಇಷ್ಟಾದರೂ ಪರದೆ ಮೇಲೆ ಚೌಕವೇ ಕಂಡರೆ ಬೈಟ್ ನೋಡಿ, ಅಂದರೆ ಅಕ್ಷರವನ್ನು ಕಂಪ್ಯೂಟರ್ ಯಾವ ಸಂಖ್ಯೆಗಳಾಗಿ ಇಟ್ಟುಕೊಂಡಿದೆ ಎಂದು. 'ಹೆಕ್ಸ್‌ಡಂಪ್ -ಸಿ' ಕೊಟ್ಟು, ಆ ಒಂದೇ ಅಕ್ಷರ ಟೈಪ್ ಮಾಡಿ, ಎಂಟರ್ ಒತ್ತಿ, ಕಂಟ್ರೋಲ್-ಡಿ ಒತ್ತಿ. 'ಸಿ3 ಎ9' ಎಂದು ಬಂದರೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಈಗಿನ ಪದ್ಧತಿ) ಸರಿಯಾಗಿದೆ, ಕೀಬೋರ್ಡಿನದು ಏನೂ ತಪ್ಪಿಲ್ಲ, ಕೊರತೆ ಫಾಂಟಿನದು. ಬರೀ 'ಇ9' ಬಂದರೆ ಕೀಬೋರ್ಡ್ ಇನ್ನೂ ಲ್ಯಾಟಿನ್-1 ಎಂಬ ಹಳೆಯ ಪದ್ಧತಿಯಲ್ಲೇ ಇದೆ. 'ಯೂನಿಕೋಡ್_ಸ್ಟಾರ್ಟ್' ಕೊಡಿ. ಆ 'ಸಿ3 ಎ9' ಎಂಬ ಎರಡು ಬೈಟನ್ನು ಲ್ಯಾಟಿನ್-1 ಎಂದು ಓದಿದರೆ ಅಲೆಗೆರೆ ಹೊತ್ತ ದೊಡ್ಡ ಎ, ಪಕ್ಕದಲ್ಲಿ ಕಾಪಿರೈಟ್ ಚಿಹ್ನೆ ಮೂಡುತ್ತವೆ. ಎಷ್ಟೋ ಇಮೇಲ್‌ಗಳಲ್ಲಿ ಈ ಜೋಡಿಯನ್ನು ನೋಡಿರುತ್ತೀರಿ, ಅಲ್ವಾ?

ಫಾಂಟ್ ಬದಲಿಸಲು 'ಡಿಪಿಕೆಜಿ-ರೀಕಾನ್ಫಿಗರ್ ಕನ್ಸೋಲ್-ಸೆಟಪ್'. ಎನ್‌ಕೋಡಿಂಗ್ ಯುಟಿಎಫ್-8, ಅಕ್ಷರ ಗುಂಪು ಪಶ್ಚಿಮ ಯುರೋಪಿನದು, ಫಾಂಟ್ ಟರ್ಮಿನಸ್. ದಿನವಿಡೀ ಓದಲು ಟರ್ಮಿನಸ್ಸೇ ಕಣ್ಣಿಗೆ ಹಿತ, ನನ್ನ ಮಟ್ಟಿಗೆ. ಒಂದು ಮಾತು: ಇದನ್ನೆಲ್ಲ ನೀವು ಕೂತಿರುವ ಯಂತ್ರದಲ್ಲೇ ಮಾಡಬೇಕು. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಹೋಗಿ ಅಲ್ಲಿ ಫಾಂಟ್ ಹಾಕಿದರೆ ಸುಮ್ನೆ ಕೆಲಸ. ಅಕ್ಷರ ಬಿಡಿಸುವುದು ನಿಮ್ಮ ಮುಂದಿನ ಪರದೆ.

ಇನ್ನು ಕನ್ನಡ. ಸದ್ಯಕ್ಕೆ ಆಸೆ ಬಿಡಿ. ವಿಜಿಎ (ಹಳೆಯ ಪರದೆ ಮಾನಕ) ಕಾಲದಿಂದ ಬಂದ ಕನ್ಸೋಲ್ ಫಾಂಟಿನಲ್ಲಿ 256, ಹೆಚ್ಚೆಂದರೆ 512 ಚಿತ್ರಗಳಿಗೆ ಜಾಗ. ಅದೂ 512 ಬೇಕೆಂದರೆ ಹಳೆಯ ಪಠ್ಯ ಮೋಡಿನಲ್ಲಿ 16 ಬಣ್ಣ 8ಕ್ಕೆ ಇಳಿಯುತ್ತದೆ. ಜಾಗ ಇದ್ದರೂ ಸಾಲದು. 'ಕನ್ನಡ' ಎಂಬ ಪದ ಕಂಪ್ಯೂಟರಿಗೆ ಐದು ಸಂಕೇತ: ಕ, ನ, ವಿರಾಮ (ಅಕ್ಷರವನ್ನು ಅರ್ಧಾಕ್ಷರ ಮಾಡುವ ಚಿಹ್ನೆ), ನ, ಡ. ಆ ವಿರಾಮವನ್ನು ಗುರುತಿಸಿ ಎರಡನೇ ನ-ವನ್ನು ಕೆಳಗೆ ಒತ್ತಕ್ಷರವಾಗಿ ಇಳಿಸುವವರು ಬೇಕಲ್ಲ? ಒಂದು ಸಂಕೇತಕ್ಕೆ ಒಂದು ಮನೆ ಎಂದು ನಡೆಯುವ ಕನ್ಸೋಲ್‌ಗೆ ಆ ವಿದ್ಯೆ ಗೊತ್ತಿಲ್ಲ. ಕನ್ನಡ ಫೈಲನ್ನು ಅಲ್ಲಿ ಕಾಪಿ ಮಾಡಿ, ಹೆಸರು ಬದಲಿಸಿ, ಏನೂ ಕೆಡುವುದಿಲ್ಲ. ತಿದ್ದಲು ಮಾತ್ರ ಫೋನಿಗೋ ಲಿಬ್ರೆಆಫೀಸ್ ಇರುವ ಕಂಪ್ಯೂಟರಿಗೋ ಒಯ್ಯಿರಿ.