ಮಲೆನಾಡು ಸುತ್ತಲು 4×5 ಕ್ಯಾಮೆರಾಗೆ ಒಂದೇ ಕನ್ವರ್ಟಿಬಲ್ ಲೆನ್ಸ್ ಸಾಕಾ, ಬೇರೆ ಬೇರೆ ಲೆನ್ಸ್ ಬೇಕಾ?

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮರದ 4×5 ಫೀಲ್ಡ್ ಕ್ಯಾಮೆರಾ (4×5 ಇಂಚಿನ ಬಿಡಿ ಫಿಲ್ಮ್ ಹಾಕುವ, ಹೊರಗೆ ಹೊತ್ತೊಯ್ಯುವ ಕ್ಯಾಮೆರಾ) ಒಂದು ಕೈಗೆ ಬಂದಿದೆ. ಹಳೇ ಷ್ನೈಡರ್ ಸಿಮ್ಮಾರ್ 150/265 ಕನ್ವರ್ಟಿಬಲ್ ಮಾರಾಟಕ್ಕಿದೆ, ಅಂದರೆ ಪೂರ್ತಿ ಇದ್ದರೆ 150 ಮಿ.ಮೀ., ಮುಂದಿನ ಗಾಜು ಕಳಚಿದರೆ ದೂರದ್ದನ್ನು ಹತ್ತಿರ ತರುವ 265 ಮಿ.ಮೀ. ಲೆನ್ಸ್. ಅದೊಂದನ್ನೇ ತಗೊಂಡು ತೀರ್ಥಹಳ್ಳಿ, ಆಗುಂಬೆ, ಜೋಗ ಅಂತ ಓಡಾಡಬಹುದಾ, ಇಲ್ಲ 150 ಒಂದು, ಅದಕ್ಕಿಂತ ಉದ್ದದ್ದು ಇನ್ನೊಂದು ಅಂತ ಬೇರೆ ಬೇರೆ ತಗೋಬೇಕಾ?

ತಗೊಳ್ಳಿ. ಆದರೆ ಅದನ್ನು ಒಂದು ಒಳ್ಳೇ 150 ಅಂತ ತಗೊಳ್ಳಿ. 265 ಪುಕ್ಕಟೆ ಬಂದದ್ದು ಅಂದುಕೊಳ್ಳಿ, ಅದಕ್ಕೆ ಅಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ನಾನು ಸಾಗರದ ಕಡೆಯವನು. ಇದೇ ಲೆನ್ಸ್ ಇಟ್ಟುಕೊಂಡು ನಮ್ಮ ಕಡೆಯ ಕಾಡು, ಕೋಟೆ, ದೇವಸ್ಥಾನ ಸುತ್ತುತ್ತಿರುತ್ತೇನೆ. ಇದರ ಬಗ್ಗೆ ಬರೆಯುವವರು ಹೆಚ್ಚಾಗಿ ಶಾರ್ಪ್ ಇದೆಯಾ ಇಲ್ಲವಾ ಅಂತಲೇ ಜಗಳ ಆಡುತ್ತಾರೆ. ಮಲೆನಾಡಿನಲ್ಲಿ ತೊಂದರೆ ಕೊಡುವುದು ಅದಲ್ಲ. ಕತ್ತಲೆ ಮತ್ತು ನೀರು.

ಮೊದಲು ಇದು ಕೆಲಸ ಮಾಡುವ ಬಗೆ ನೋಡೋಣ. ಸಿಮ್ಮಾರ್‌ನಲ್ಲಿ ಶಟರ್‌ನ ಮುಂದೊಂದು, ಹಿಂದೊಂದು ಗಾಜಿನ ಗುಂಪು ಇದೆ. ಎರಡೂ ಸುಮಾರಾಗಿ ಒಂದೇ ರೂಪ, ಎದುರುಬದುರು ಕೂತಿವೆ. ಜೋಡೆತ್ತಿನ ಹಾಗೆ, ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ ಎಳೆದು ನೇಗಿಲು ನೆಟ್ಟಗೆ ಹೋಗುತ್ತದೆ. ಮುಂದಿನ ಭಾಗ ಮಾಡುವ ತಪ್ಪನ್ನು ಹಿಂದಿನದು ಸರಿ ಮಾಡುತ್ತದೆ. ಮುಂದಿನದನ್ನು ತಿರುಗಿಸಿ ಕಳಚಿದರೆ ಹಿಂದಿನದೊಂದೇ 265 ಮಿ.ಮೀ. ಲೆನ್ಸ್ ಆಗುತ್ತದೆ. ಆಗ ತಪ್ಪು ಸರಿ ಮಾಡುವವರು ಯಾರೂ ಇಲ್ಲ. ಅಂಚಿನಲ್ಲಿ ಬಿಂದುಗಳಿಗೆ ಬಾಲ ಬರುತ್ತದೆ, ಬಣ್ಣಗಳು ಅಕ್ಕಪಕ್ಕ ಚದುರುತ್ತವೆ, ನೇರ ಗೆರೆ ಸ್ವಲ್ಪ ಬಾಗುತ್ತದೆ. ಎಫ್ 22 ಅಥವಾ 32ಕ್ಕೆ ಮುಚ್ಚಿದರೆ (ಎಫ್ ಅಂಕೆ ದೊಡ್ಡದಾದಷ್ಟೂ ಬೆಳಕಿನ ತೂತು ಚಿಕ್ಕದು) ಬಾಲದ ಕಾಟ ಬಹುಪಾಲು ಸರಿಹೋಗುತ್ತದೆ. ಕಪ್ಪು ಬಿಳುಪಿನಲ್ಲಿ ಹಳದಿ ಅಥವಾ ಹಸಿರು ಫಿಲ್ಟರ್ ಹಾಕಿದರೆ ಬಣ್ಣ ಚದುರುವ ಕಾಟವೂ ತಗ್ಗುತ್ತದೆ. ನೀವು 8×10 ಇಂಚಿನ ಪ್ರಿಂಟ್ ಮಾಡುವವರಾದರೆ ಅದು ಬರೀ ಎರಡು ಪಟ್ಟು ದೊಡ್ಡದು, ಯಾರಿಗೂ ವ್ಯತ್ಯಾಸ ಕಾಣದು. 16×20ಕ್ಕೆ ಹೋದರೆ ಮೂಲೆಗಳಲ್ಲಿ ಕಾಣುತ್ತದೆ.

ಬೆಳಕಿನ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಪೂರ್ತಿ ಲೆನ್ಸ್ 150 ಮಿ.ಮೀ., ಎಫ್ 5.6. ಮುಂದಿನದು ಕಳಚಿದರೆ 265, ಎಫ್ 12. 265 ಅನ್ನು 12ರಿಂದ ಭಾಗಿಸಿ, 22 ಚಿಲ್ಲರೆ ಮಿ.ಮೀ. ಬರುತ್ತದೆ. ಡಯಾಫ್ರಂ (ಬೆಳಕಿನ ತೂತನ್ನು ಹಿಗ್ಗಿಸಿ ಕುಗ್ಗಿಸುವ ಭಾಗ) ಪೂರ್ತಿ ತೆರೆದಾಗ ಇರುವ ತೂತು ಸುಮಾರು ಅಷ್ಟೇ. 150ನ್ನು 5.6ರಿಂದ ಭಾಗಿಸಿದರೆ ಮಾತ್ರ 27ರ ಹತ್ತಿರ ಬರುತ್ತದೆ. ತೂತು ಅದೇ, ಆದರೆ ಮುಂದಿನ ಗಾಜು ಅದನ್ನು ದೊಡ್ಡದಾಗಿ ತೋರಿಸುತ್ತಿತ್ತು. ಗಾಜು ಹೋಯಿತು, ಆ ಲಾಭವೂ ಹೋಯಿತು. ಇದಕ್ಕೇ ಷ್ನೈಡರ್‌ನವರು ಶಟರ್ ಮೇಲೆ ಹಸಿರು ಬಣ್ಣದಲ್ಲಿ ಇನ್ನೊಂದು ಅಳತೆ ಬರೆದಿದ್ದಾರೆ. 265 ಬಳಸುವಾಗ ಹಸಿರನ್ನೇ ನೋಡಬೇಕು. ಬಿಳಿ 22ರಲ್ಲಿ ಬಿಟ್ಟರೆ ನಿಜದಲ್ಲಿ ಅದು 47ರ ಹತ್ತಿರ. ಎರಡು ಸ್ಟಾಪ್‌ಗಿಂತ ಜಾಸ್ತಿ ಕತ್ತಲೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು), ನೆಗೆಟಿವ್ ತೆಳ್ಳಗೆ ಬರುತ್ತದೆ.

ಈಗ ಕಾಡಿಗೆ ಬನ್ನಿ. ಆಗುಂಬೆ ಕಡೆ ದಟ್ಟ ಕಾಡೊಳಗೆ, ಮೋಡ ಇರುವ ದಿನ ಎಫ್ 5.6ರಲ್ಲೇ ಗ್ರೌಂಡ್ ಗ್ಲಾಸ್ (ಕ್ಯಾಮೆರಾ ಹಿಂದೆ ಚಿತ್ರ ಮೂಡುವ ತರಿ ಗಾಜು) ಮೇಲೆ ಮೂಲೆ ಸರಿಯಾಗಿ ಕಾಣುವುದಿಲ್ಲ. ಎಫ್ 12 ಅಂದರೆ ಅದರ ಕಾಲು ಪಾಲಿಗಿಂತಲೂ ಕಮ್ಮಿ ಬೆಳಕು. ಕಪ್ಪು ಬಟ್ಟೆ ಹೊದ್ದು ನಿಂತರೂ ಮರ ಯಾವುದು, ಬಳ್ಳಿ ಯಾವುದು ಗೊತ್ತಾಗುವಷ್ಟರಲ್ಲಿ ಕಾಲಿಗೆ ಇಂಬಳ ಹತ್ತಿರುತ್ತದೆ. ಅದಾದರೂ ಸಹಿಸಿಕೊಳ್ಳಬಹುದು. ಇನ್ನೊಂದು ತೊಡಕಿದೆ. ಒಂಟಿ ಭಾಗ ಬಳಸುವಾಗ ಡಯಾಫ್ರಂ ಮುಚ್ಚುತ್ತಾ ಹೋದ ಹಾಗೆ ಫೋಕಸ್ ಜಾಗ ಬಿಟ್ಟು ಸರಿಯುತ್ತದೆ. ಹಾಗಾಗಿ ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಮುಚ್ಚಿದರೆ ಆಗಲಿಲ್ಲ. ಯಾವ ತೂತಿನಲ್ಲಿ ಚಿತ್ರ ತೆಗೆಯುತ್ತೀರೋ ಅದರಲ್ಲೇ ಫೋಕಸ್ ಮಾಡಬೇಕು. ಎಫ್ 22ರಲ್ಲಿ, ಆ ಕತ್ತಲೆಯಲ್ಲಿ! ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟರೂ ಕಾಣುವುದು ಗಾಜಿನ ತರಿ ಮಾತ್ರ.

ಮಾಡಲೇಬೇಕು ಅಂದರೆ ಒಂದು ದಾರಿ ಇದೆ. ಪುಟ್ಟ ಎಲ್‌ಇಡಿ ಟಾರ್ಚ್ ಅನ್ನು ಮರದ ಬುಡದಲ್ಲಿ ಕ್ಯಾಮೆರಾ ಕಡೆ ಮುಖ ಮಾಡಿ ಇಡಿ. ಆ ಬೆಳಕಿನ ಚುಕ್ಕೆಯನ್ನು ಎಫ್ 22ರಲ್ಲೂ ಫೋಕಸ್ ಮಾಡಬಹುದು. ಟಾರ್ಚ್ ತೆಗೆದು ಚಿತ್ರ ತೆಗೆಯಿರಿ. ಎಕ್ಸ್‌ಪೋಶರ್ ಕೂಡ ಬೆಳೆಯುತ್ತದೆ ನೋಡಿ. ಎಫ್ 32ರಲ್ಲಿ ಮೀಟರ್ 8 ಸೆಕೆಂಡು ಅಂದರೆ ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್‌ಗೆ ನಿಜಕ್ಕೂ ಕೊಡಬೇಕಾದ್ದು 14 ಸೆಕೆಂಡಿನ ಹತ್ತಿರ, ಹೊತ್ತು ಜಾಸ್ತಿಯಾದಷ್ಟೂ ಫಿಲ್ಮ್ ನಿಧಾನವಾಗುತ್ತದೆ. ಅಷ್ಟು ಹೊತ್ತು ಅಲ್ಲಾಡದ ಎಲೆ ನಮ್ಮ ಕಾಡಿನಲ್ಲಿ ನಾನು ಕಂಡಿಲ್ಲ.

ಮಳೆಯ ವಿಷಯ. ಬೇರೆ ಬೇರೆ ಲೆನ್ಸ್ ಇದ್ದರೆ ಪ್ರತಿಯೊಂದೂ ತನ್ನ ಬೋರ್ಡಿನ ಮೇಲೆ, ತನ್ನ ಶಟರ್ ಜೊತೆ ಕೂತಿರುತ್ತದೆ. ಚಿಲಕ ಸರಿಸಿ ಬೋರ್ಡ್ ತೆಗೆಯುವುದು, ಇನ್ನೊಂದನ್ನು ಕೂರಿಸುವುದು, ಮುಗಿಯಿತು. ಶಟರ್‌ನ ಒಳಗು ಒಮ್ಮೆಯೂ ಗಾಳಿಗೆ ತೆರೆದುಕೊಳ್ಳುವುದಿಲ್ಲ. ಕನ್ವರ್ಟಿಬಲ್‌ನಲ್ಲಿ ಹಾಗಲ್ಲ. ಮುಂದಿನ ಭಾಗ ಬಿಚ್ಚಿದ ಕೂಡಲೇ ಶಟರ್‌ನ ಎಲೆಗಳು ಬೆತ್ತಲೆ. ಜುಲೈ ತಿಂಗಳಲ್ಲಿ ಜೋಗದ ಎದುರು ನಿಂತು ಇದನ್ನು ಯೋಚಿಸಿ. 253 ಮೀಟರ್ ಬಿದ್ದ ನೀರು ತುಂತುರಾಗಿ ಮೇಲೆ ಬರುತ್ತಿರುತ್ತದೆ, ಗಾಳಿ ಅದನ್ನು ನಿಮ್ಮ ಮುಖಕ್ಕೇ ತರುತ್ತದೆ. ತೆಳು ಉಕ್ಕಿನ ಆ ಎಲೆಗಳ ಮೇಲೆ ಹನಿ ಕೂತರೆ ಮುಂದೆ ತುಕ್ಕು, ಅಂಟು. ಇನ್ನು ಹಳದಿ ಫಿಲ್ಟರ್ ಹಾಕಿ ಅಂದೆನಲ್ಲ, ಫಿಲ್ಟರ್ ತಿರುಗಿಸಿ ಕೂರಿಸುವ ತಿರುಪು ಬಿಚ್ಚಿದ ಭಾಗದ ಜೊತೆಗೇ ಹೋಗಿರುತ್ತದೆ! ನಾನು ಮಾಡುವುದು ಇಷ್ಟು: ಶಟರ್‌ನ ಮುಂಬಾಯಿಗೆ ತೆಳು ಫಿಲ್ಟರ್ ಇಟ್ಟು ಸುತ್ತ ಕಪ್ಪು ಟೇಪ್ ಹಾಕುತ್ತೇನೆ. ಫಿಲ್ಟರ್ ಆಯಿತು, ಹನಿಗೆ ತಡೆಯೂ ಆಯಿತು. ನೋಡಲು ಚೆನ್ನಾಗಿಲ್ಲ, ಪರವಾಗಿಲ್ಲ. ಬಿಚ್ಚಿದ ಭಾಗವನ್ನು ಅಂಗಿ ಜೇಬಿಗೆ ಹಾಕಬೇಡಿ, ಬಗ್ಗಿದಾಗ ಬೀಳುತ್ತದೆ. ಮುಚ್ಚಳ ಇರುವ ಡಬ್ಬಿ ಜೊತೆಗಿರಲಿ.

ಮಲೆನಾಡಿನವರು ಕನ್ವರ್ಟಿಬಲ್ ಪರ ಹೇಳಬಹುದಾದ ಒಂದು ಮಾತೂ ಇದೆ, ಫಂಗಸ್. ಮಳೆಗಾಲದಲ್ಲಿ ಮನೆಯೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ನಾಲ್ಕು ಲೆನ್ಸ್ ಇದ್ದರೆ ನಾಲ್ಕನ್ನೂ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ ಬಣ್ಣ ಬದಲಾದಾಗ ಹುರಿದು ಒಣಗಿಸಿ, ಆಗಾಗ ಬಿಸಿಲು ತೋರಿಸಬೇಕು. ಒಂದೇ ಇದ್ದರೆ ಅದು ದಿನಾ ಕೈಯಲ್ಲಿ ಆಡುತ್ತದೆ, ಬೂಷ್ಟು ಹಿಡಿಯಲು ಬಿಡುವು ಸಿಗುವುದಿಲ್ಲ.

ತೂಕ ಉಳಿಯುತ್ತೆ ಅಂತ ನೀವು ಬರೆದಿದ್ದೀರಿ. ಈ ವಾದ 8×10 ಇಂಚಿನ ಫಿಲ್ಮ್ ಕ್ಯಾಮೆರಾಗಳ ಕಾಲದ್ದು. ಆ ಕ್ಯಾಮೆರಾಗೆ 300ರಿಂದ 600 ಮಿ.ಮೀ. ತನಕ ಬೇರೆ ಬೇರೆ ಲೆನ್ಸ್ ಹೊರುವುದು ಅಂದರೆ ಹಮಾಲಿ ಕೆಲಸ. ಅವರಿಗೆ ಕನ್ವರ್ಟಿಬಲ್ ನಿಜಕ್ಕೂ ವರ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಏರಿದ ಆ ಹೆಸರುವಾಸಿ ಚಿತ್ರ ತೆಗೆದದ್ದು 8×10ರಲ್ಲಿ, ಕುಕ್ ಟ್ರಿಪಲ್ ಕನ್ವರ್ಟಿಬಲ್‌ನ 23 ಇಂಚಿನ ಒಂಟಿ ಭಾಗದಿಂದ. ಅದನ್ನು ತೋರಿಸಿ ವಾದಿಸುವವರು ಸಿಗುತ್ತಾರೆ. ಅಲ್ಲಿದ್ದದ್ದು ಬಯಲು, ಕೈಗೆಟುಕದ ದೂರ, ಎಫ್ 32, ಹಳದಿ ಫಿಲ್ಟರ್. ನಮ್ಮ ಅಡಿಕೆ ತೋಟವಲ್ಲ. ಮೇಲಾಗಿ ಟ್ರಿಪಲ್‌ಗಳಲ್ಲಿ ಒಂದೊಂದು ಭಾಗವೂ ತನ್ನಷ್ಟಕ್ಕೆ ನಿಲ್ಲುವ ಹಾಗೆ ಕಟ್ಟಿದ್ದು. ಸಿಮ್ಮಾರ್ ಮೊದಲಿಗೆ 150, ಆಮೇಲೆ ಕನ್ವರ್ಟಿಬಲ್. ಮುಂದೆ ಬಂದ ಸಿಮ್ಮಾರ್-ಎಸ್‌ನಲ್ಲಿ ಷ್ನೈಡರ್ ಈ ಸೌಲಭ್ಯವನ್ನೇ ಕೈಬಿಟ್ಟಿತು.

4×5ಕ್ಕಾದರೆ ಫುಜಿನಾನ್ ಎ 240, ಎಫ್ 9 ಅಂತ ಒಂದಿದೆ. ಶಟರ್ ಸೇರಿ 300 ಗ್ರಾಂ ಒಳಗೆ. ನಿಕಾನ್‌ನ ನಿಕ್ಕೋರ್ ಎಂ 300, ಎಫ್ 9 ಕೂಡ ಹಾಗೇ ಹಗುರ. ಒಂದು ಫಿಲ್ಮ್ ಹೋಲ್ಡರ್ (ಬಿಡಿ ಫಿಲ್ಮ್ ತುಂಬುವ ಚೌಕಟ್ಟು) ಕಮ್ಮಿ ಹೊತ್ತರೆ ಆ ತೂಕ ಹೆಚ್ಚುಕಮ್ಮಿ ಸರಿಹೋಗುತ್ತದೆ. ಹುಡುಕಿದರೆ ಷ್ನೈಡರ್ ಅವರದ್ದೇ ಜಿ-ಕ್ಲಾರಾನ್ 240 ಸಿಗಬಹುದು. ಅದು ನಕಲು ತೆಗೆಯುವ ಕೆಲಸಕ್ಕೆ ಮಾಡಿದ್ದು, ಆದರೂ ಎಫ್ 22ರಲ್ಲಿ ದೂರದ ಬೆಟ್ಟಕ್ಕೂ ಚೆನ್ನಾಗಿದೆ.

300 ತಗೊಳ್ಳುವ ಮುಂಚೆ ಮಾತ್ರ ಬೆಲ್ಲೋಸ್ (ಲೆನ್ಸ್ ಮತ್ತು ಫಿಲ್ಮ್ ನಡುವಿನ ಮಡಿಕೆ ಚೀಲ) ಅಳೆಯಿರಿ. ನಿಮ್ಮ ಕ್ಯಾಮೆರಾ ಎಷ್ಟು ಚಾಚುತ್ತದೆ ಅಂತ ನೀವು ಬರೆದಿಲ್ಲ. ಇಂಥ ಹಲವು ಕ್ಯಾಮೆರಾಗಳದ್ದು 300 ಮಿ.ಮೀ. ಆಸುಪಾಸು. ಅಷ್ಟಕ್ಕೆ 300 ಲೆನ್ಸ್ ಹಾಕಿದರೆ ದೂರದ ಗುಡ್ಡ ಬಿಟ್ಟು ಹತ್ತಿರದ್ದು ಯಾವುದೂ ಸಿಗದು. 240 ಆದರೆ ಸುಮಾರು 1.2 ಮೀಟರ್ ತನಕ ಹತ್ತಿರ ಹೋಗಬಹುದು. 265 ಆದರೆ ಲೆಕ್ಕದ ಪ್ರಕಾರ 2.3 ಮೀಟರ್. ನಿಜದಲ್ಲಿ ಅಷ್ಟು ಹತ್ತಿರವೂ ಹೋಗಲಾಗದು, ಯಾಕೆಂದರೆ ಹಿಂದಿನ ಭಾಗ ಒಂದೇ ಇದ್ದಾಗ ಬೆಲ್ಲೋಸ್ ಅದರ ಫೋಕಲ್ ಲೆಂಗ್ತ್‌ಗಿಂತಲೂ ಜಾಸ್ತಿ ಚಾಚಬೇಕು. ಪೂರ್ತಿ ಚಾಚಿದ ಬೆಲ್ಲೋಸ್‌ಗೆ ಘಾಟಿಯ ಗಾಳಿ ಬಡಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಇನ್ನೊಂದು ಲೆಕ್ಕ ಇದೆ, ಇದನ್ನು ಹೇಳಿದರೆ ಕನ್ವರ್ಟಿಬಲ್ ಪ್ರೇಮಿಗಳಿಗೆ ಸಿಟ್ಟು ಬರುತ್ತದೆ. 150ರಲ್ಲೇ ಚಿತ್ರ ತೆಗೆದು, 265 ನೋಡುವಷ್ಟು ನಡುವಿನ ಭಾಗವನ್ನು ಮಾತ್ರ ಕತ್ತರಿಸಿ. ಉಳಿಯುವ ನೆಗೆಟಿವ್ ಸುಮಾರು 6×7 ಸೆಂ.ಮೀ. ರೋಲ್ ಫಿಲ್ಮಿನ ಅಳತೆ. ಅದೂ ಲೆನ್ಸಿನ ಅತ್ಯುತ್ತಮ ಭಾಗದಿಂದ ಬಂದದ್ದು. 6×7ರಿಂದ ಗೋಡೆಗೆ ಹಾಕುವ ಪ್ರಿಂಟ್ ಜನ ಮಾಡಿಲ್ಲವಾ? ಕೈ ಒದ್ದೆ ಇರುವಾಗ, ಬೆಳಕು ಓಡುತ್ತಿರುವಾಗ ನಾನು ಹೀಗೇ ಮಾಡುತ್ತೇನೆ.

ಎರಡನೇ ಲೆನ್ಸ್ ಉದ್ದದ್ದೇ ಆಗಬೇಕು ಅಂತ ನೀವು ಅಂದುಕೊಂಡದ್ದೂ ಆ ಕನ್ವರ್ಟಿಬಲ್ ಕಣ್ಣೆದುರು ಇರುವುದಕ್ಕೇ ಅಂತ ನನ್ನ ಗುಮಾನಿ. ಅದು ನಾರ್ಮಲ್ ಮತ್ತು ಉದ್ದ ಎರಡು ಕೊಡುತ್ತದೆ, ಅಗಲ ಎಂದೂ ಕೊಡುವುದಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಒಳಗೆ ಕಂಬಗಳ ನಡುವೆ ಟ್ರೈಪಾಡ್ ಇಡಿ. ಹಿಂದೆ ಹೋಗಲು ಜಾಗ ಇಲ್ಲ. 150ರಲ್ಲೇ ಇಕ್ಕಟ್ಟು, 265 ತಗೊಂಡು ಏನು ಮಾಡುತ್ತೀರಿ? ಅಲ್ಲಿಗೆ ಬೇಕಾದ್ದು 90 ಮಿ.ಮೀ. ಅಗಲದ ಲೆನ್ಸ್. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಮರದ ಕಂಬಗಳಿಗೂ ಅದೇ. ತೋಟ, ಹಳ್ಳ, ಕಾಡು ಎಲ್ಲ ಕಡೆ ನಾವು ವಸ್ತುವಿನ ಹತ್ತಿರವೇ ನಿಂತಿರುತ್ತೇವೆ. ಮಲೆನಾಡು ದೂರದಿಂದ ನೋಡುವ ನಾಡಲ್ಲ, ನಾಲ್ಕು ಮಾರು ಆಚೆ ಮರ ಅಡ್ಡ ಬರುತ್ತದೆ. ದುಡ್ಡು ಇನ್ನೊಂದೇ ಲೆನ್ಸಿಗೆ ಇದ್ದರೆ ನಾನು 240ಕ್ಕಿಂತ ಮೊದಲು 90 ನೋಡುತ್ತೇನೆ.

265 ಹೊರಗೆ ಬರುವ ಜಾಗಗಳೂ ಇವೆ. ಕೊಡಚಾದ್ರಿ ತುದಿ, ಕವಲೇದುರ್ಗದ ಮೇಲಿಂದ ವಾರಾಹಿ ಹಿನ್ನೀರು, ಕುಂದಾದ್ರಿಯ ಬಂಡೆ. ಜೋಗದಲ್ಲೂ ಎದುರಿನ ಕಟ್ಟೆಯಿಂದ ಮುಂದೆ ಹೋಗಲು ಆಗುವುದಿಲ್ಲ, ಕಾಲ ಕೆಳಗೆ ಕಮರಿ. ರಾಜಾ ಒಂದನ್ನೇ ಹಿಡಿಯಬೇಕು ಅಂದರೆ ಉದ್ದದ್ದೇ ಬೇಕು. ಮಳೆ ನಿಂತ ಮೇಲೆ, ಅಕ್ಟೋಬರ್ ಬೆಳಗಿನಲ್ಲಿ, ಒಣ ಗಾಳಿ ಇರುವಾಗ ಇಂಥ ಕಡೆ 265 ನನಗೆ ಒಳ್ಳೆಯ ಚಿತ್ರ ಕೊಟ್ಟಿದೆ. ಗುಡ್ಡದ ಮೇಲೆ ಗುಡ್ಡ ಮಸುಕಾಗುತ್ತಾ ಹೋಗುವಲ್ಲಿ ಅಂಚಿನ ಮೆತ್ತಗು ತೊಂದರೆ ಮಾಡುವುದಿಲ್ಲ, ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತದೆ. ಬಣ್ಣದ ಫಿಲ್ಮಿಗೆ ಮಾತ್ರ ನಾನು ಹಾಕುವುದಿಲ್ಲ.

ಕೊಳ್ಳುವಾಗ ಇಷ್ಟು ನೋಡಿ. ಮುಂದಿನ ಭಾಗ ಕೈಯಲ್ಲೇ ಬಿಚ್ಚಿಕೊಳ್ಳಬೇಕು. ವರ್ಷಗಟ್ಟಲೆ ಯಾರೂ ತಿರುಗಿಸದೆ ಕಚ್ಚಿಕೊಂಡಿದ್ದರೆ ಅದು 150 ಮಾತ್ರ, ಬೆಲೆಯೂ ಅದರದ್ದೇ ಆಗಲಿ. ಶಟರ್ ಅನ್ನು 1 ಸೆಕೆಂಡಿಗೆ ಇಟ್ಟು ಬಿಡಿ. ನಡುವೆ ತೇಕಿ ನಿಂತರೆ ಸರ್ವಿಸ್ ಖರ್ಚು ಕಳೆದು ಮಾತಾಡಿ. ಗಾಜಿನ ಹಿಂದೆ ಟಾರ್ಚ್ ಹಿಡಿದು ಜೇಡರ ಬಲೆಯಂಥ ಎಳೆ ಇದೆಯಾ ನೋಡಿ. ಅಂಚಿನ ಕಪ್ಪು ಬಣ್ಣದಲ್ಲಿ ಬಿಳಿ ಚುಕ್ಕೆ ಕಂಡರೆ ಹೆದರಬೇಡಿ, ಹಳೇ ಷ್ನೈಡರ್‌ಗಳಲ್ಲಿ ಅದು ಮಾಮೂಲಿ, ಚಿತ್ರಕ್ಕೆ ಏನೂ ಆಗುವುದಿಲ್ಲ. ಹಸಿರು ಅಳತೆ ಓದಲು ಬರುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಶಟರ್ ಬದಲಾಯಿಸಿದ್ದರೆ ಅದು ಇರುವುದೇ ಇಲ್ಲ. ಬೆಲ್ಲೋಸ್ ಅಳತೆ ಗೊತ್ತಾದರೆ ಕೆಳಗೆ ಬರೆಯಿರಿ, 240 ಕೂರುತ್ತದಾ ಇಲ್ಲವಾ ಹೇಳುತ್ತೇನೆ.