ಲಾನ್ ಮೋವರ್‌ನ ಪ್ಲಾಸ್ಟಿಕ್ ಬೇರಿಂಗ್‌ಗೆ ಎಣ್ಣೆ ಹಾಕಬಹುದಾ?

ಪುಣೆಯ ನಿಮ್ಮ ಸೊಸೈಟಿಯ ಮೋವರ್ ಚಕ್ರ ಕಿರ್ ಅನ್ನುತ್ತದೆ, ಹೊಲಿಗೆ ಮಿಷನ್ ಎಣ್ಣೆ ಬಿಡಲಾ ಅಂತ ಕೇಳಿದ್ದೀರಿ. ಬೇಡ. ಚಕ್ರದೊಳಗಿನ ಈ ಬುಶ್‌ಗಳು (ಬಳೆಯಂಥ ಪ್ಲಾಸ್ಟಿಕ್ ಬೇರಿಂಗ್‌ಗಳು) ಹೆಚ್ಚಾಗಿ ನೈಲಾನ್ ಅಥವಾ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್‌ನವು, ಒಣಗಿದ್ದರೂ ಜಾರುತ್ತವೆ. ಎಣ್ಣೆ ಬಿಟ್ಟರೆ ಧೂಳು, ಹುಲ್ಲಿನ ಪುಡಿ ಅಂಟಿಕೊಂಡು ಉಪ್ಪುಕಾಗದದ ಹಾಗೆ ಉಜ್ಜುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ ವೈರ್ ಕಳಚಿ (ಕರೆಂಟಿನದಾದರೆ ಪ್ಲಗ್ ಕೀಳಿ). ಚಕ್ರ ಬಿಚ್ಚಿ, ಆಕ್ಸಲ್‌ಗೆ ಸುತ್ತಿಕೊಂಡ ಹುಲ್ಲು ತೆಗೆದು, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಆಕ್ಸಲ್ ತುಕ್ಕು ಹಿಡಿದಿದ್ದರೆ ನಯವಾದ ಎಮೆರಿ ಪೇಪರ್‌ನಿಂದ ಉಜ್ಜಿ. ಸದ್ದು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಒಣ ಪಿಟಿಎಫ್‌ಇ (ಟೆಫ್ಲಾನ್) ಅಥವಾ ಸಿಲಿಕೋನ್ ಸ್ಪ್ರೇ, ತುಸುವೇ ಸಾಕು.

ನೈಲಾನ್ ತೇವ ಹೀರಿ ಸ್ವಲ್ಪ ಉಬ್ಬುತ್ತದೆ. ಮಳೆಗಾಲದಲ್ಲಿ ಚಕ್ರ ಬಿಗಿಯಾಯಿತೆಂದು ಸುಮ್ನೆ ಬುಶ್ ಕೆರೆಯಬೇಡಿ. ಚಕ್ರ ಜಾಸ್ತಿ ಅಲ್ಲಾಡುತ್ತಿದ್ದರೆ ಬುಶ್ ಸವೆದಿದೆ, ಬದಲಿಸಿ.